ಕದ್ದು ಡೇಟಾ ತಿನ್ನುವ ಪ್ರೋಗ್ರಾಂಗಳಿಗೆ ಬಾಗಿಲು: ನಾಲ್ಕು ದಾರಿ ನೋಡಿದೆ, ಸಿಂಪಲ್‌ವಾಲ್‌ಗೆ ನಿಂತೆ

ನಾನು ಇರುವುದು ಶಿರಸಿ ಪಕ್ಕದ ಹಳ್ಳಿಯಲ್ಲಿ. ನಾಲ್ಕಾರು ಕಿರಾಣಿ ಅಂಗಡಿ, ಒಂದೆರಡು ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆದುಕೊಡುತ್ತೇನೆ. ಮನೆಗೆ ಫೈಬರ್ ಬಂದಿಲ್ಲ. ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 2 ಜಿಬಿ. ಅದು ಮುಗಿದರೆ ವೇಗ ಎಷ್ಟು ಇಳಿಯುತ್ತದೆಂದರೆ, ಜಿಎಸ್‌ಟಿ ಪೋರ್ಟಲ್‌ನ ಮೊದಲ ಪುಟ ತೆರೆಯುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸಬಹುದು.

ತಿಂಗಳ ಇಪ್ಪತ್ತನೇ ತಾರೀಕು ಜಿಎಸ್‌ಟಿಯ 3ಬಿ ರಿಟರ್ನ್‌ಗೆ ಕೊನೇ ದಿನ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ, 2 ಜಿಬಿಯೂ ಖಾಲಿ ಎಂದು ಮೆಸೇಜ್ ಬಂದಿತ್ತು. ನಾನಿನ್ನೂ ಒಂದು ಪುಟವನ್ನೂ ತೆರೆದಿರಲಿಲ್ಲ. ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಆಫ್ ಮಾಡಿರಲಿಲ್ಲ, ಹಾಟ್‌ಸ್ಪಾಟ್ ಹಾಗೇ ಇತ್ತು. ಹನ್ನೆರಡು ಗಂಟೆಗೆ ಹೊಸ ಕೋಟಾ ಸಿಕ್ಕಿದ್ದೇ ತಡ, ಯಾರೋ ಕೂತು ಪೂರ್ತಿ ಉಂಡಿದ್ದರು. ಆ ಯಾರೋ ಯಾರು ಎಂದು ಹುಡುಕುತ್ತಾ ಹೊರಟವನು ಒಂದೊಂದಾಗಿ ನಾಲ್ಕು ದಾರಿ ನೋಡಿ, ಕೊನೆಗೆ ಐದನೆಯದಕ್ಕೆ ಬಂದೆ. ಸಿಂಪಲ್‌ವಾಲ್ ಎಂಬ ಫೈರ್‌ವಾಲ್ (ಯಾವ ಪ್ರೋಗ್ರಾಂಗೆ ನೆಟ್ ಬಿಡಬೇಕು, ಯಾವುದಕ್ಕೆ ಬೇಡ ಎಂದು ನೋಡುವ ಕಾವಲುಗಾರ) ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದಿದೆ, ಉಳಿದವು ಹೋಗಿವೆ. ಹಾಗಾಗಿ ಇದನ್ನು ತಟಸ್ಥ ಹೋಲಿಕೆ ಅಂತ ಓದಬೇಡಿ.

ಮೊದಲು ಕೈಸುಟ್ಟುಕೊಂಡ ಕಥೆ. ಸಿಟ್ಟಿನಲ್ಲಿ ಅವತ್ತೇ ಒಂದು ಕಾಸಿನ ಫೈರ್‌ವಾಲ್ ಕೊಂಡೆ. ಹೆಸರು ಬೇಡ. ವರ್ಷದ ಚಂದಾ, ಆಫರ್‌ನಲ್ಲಿ 1,300 ರೂಪಾಯಿ. ನೋಡಲು ಚೆಂದ, ಗ್ರಾಫ್, ಬಣ್ಣ, ಎಲ್ಲ ಇತ್ತು. ಆದರೆ ಅದು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಯಾವುದು ಒಳ್ಳೆಯ ಪ್ರೋಗ್ರಾಂ, ಯಾವುದು ಕೆಟ್ಟದ್ದು ಎಂದು ತಾನೇ ತೀರ್ಮಾನಿಸಿ, ಒಳ್ಳೆಯದಕ್ಕೆಲ್ಲ ಸಲೀಸಾಗಿ ನೆಟ್ ಬಿಡುತ್ತಿತ್ತು. ನನ್ನ ತಕರಾರು ಕಳ್ಳರ ಬಗ್ಗೆ ಅಲ್ಲವಲ್ಲ! ಒಳ್ಳೆಯವರೇ ಹೇಳದೆ ಕೇಳದೆ ಊಟಕ್ಕೆ ಕೂರುವುದರ ಬಗ್ಗೆ. ಅದಕ್ಕಿಂತ ಮಜಾ ಅಂದರೆ, ವಾರ ಕಳೆದು ಲೆಕ್ಕ ನೋಡಿದಾಗ ಡೇಟಾ ತಿಂದವರ ಪಟ್ಟಿಯಲ್ಲಿ ಮೂರನೆಯ ಜಾಗ ಆ ಫೈರ್‌ವಾಲ್‌ದೇ ಆಗಿತ್ತು.

ಈ ಲೆಕ್ಕ ನೋಡಲು ಏನೂ ಕೊಳ್ಳಬೇಕಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಡೇಟಾ ಯೂಸೇಜ್ ಅಂತ ಇದೆ. ಯಾವ ಪ್ರೋಗ್ರಾಂ ಎಷ್ಟು ತಿಂದಿತು ಎಂದು ಅಲ್ಲೇ ಸಿಗುತ್ತದೆ. ಈ ಕ್ಷಣ ಯಾರು ತಿನ್ನುತ್ತಿದ್ದಾರೆ ನೋಡಬೇಕಾದರೆ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ಟ್ಯಾಬ್ ಒತ್ತಿದರೆ ಆಯಿತು.

ಎರಡನೆಯ ದಾರಿ ಮೀಟರ್ಡ್ ಕನೆಕ್ಷನ್, ಅಂದರೆ ಈ ನೆಟ್‌ಗೆ ಮಿತಿ ಇದೆ ಎಂದು ವಿಂಡೋಸ್‌ಗೆ ತಿಳಿಸುವ ಆಯ್ಕೆ. ಹಾಟ್‌ಸ್ಪಾಟ್‌ನಲ್ಲಿ ಇರುವವರು ಬೇರೆ ಏನನ್ನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಆನ್ ಮಾಡಿ. ವೈಫೈ ಹೆಸರಿನ ಮೇಲೆ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಒಂದು ಸ್ವಿಚ್. ವಿಂಡೋಸ್ ಅಪ್‌ಡೇಟ್ ಬಹುಪಾಲು ಸುಮ್ಮನಾಗುತ್ತದೆ, ಒನ್‌ಡ್ರೈವ್ ಸಿಂಕ್ ನಿಲ್ಲಿಸುತ್ತದೆ. ಆದರೆ ಇದು ಬೇಲಿಯಲ್ಲ, ವಿನಂತಿ. ಮರ್ಯಾದಸ್ಥರು ಕೇಳುತ್ತಾರೆ, ಉಳಿದವರು ಕೇಳುವುದಿಲ್ಲ. ಇನ್ನೊಂದು ವಿಷಯ. ಈ ಸ್ವಿಚ್ ಆಯಾ ವೈಫೈ ಹೆಸರಿಗೆ ಮಾತ್ರ. ನನ್ನ ಫೋನಿನ ಚಾರ್ಜ್ ಮುಗಿದು ಹೆಂಡತಿಯ ಫೋನಿಗೆ ಬದಲಾಯಿಸಿದ ದಿನ ಇದು ಮರೆತೇಹೋಗಿತ್ತು. ಅವಳ 2 ಜಿಬಿಯೂ ಹೋಯಿತು. ಅವತ್ತಿನ ಮಾತುಕತೆ ಇಲ್ಲಿ ಬರೆಯುವಂಥದ್ದಲ್ಲ.

ಮೂರನೆಯದು ವಿಂಡೋಸ್ ಜೊತೆಗೇ ಬರುವ ಫೈರ್‌ವಾಲ್. ನನ್ನ ಪಜೀತಿ ಎಲ್ಲ ಆದದ್ದು ಇಲ್ಲೇ, ಅದೂ ನನ್ನ ಕೈಯಾರೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದೇ ಗುಂಡಿಗೆ ನೀವೂ ಬೀಳುವ ಸಾಧ್ಯತೆ ಜಾಸ್ತಿ.

ಈ ಫೈರ್‌ವಾಲ್ ಮಾಮೂಲಾಗಿ ಹೊರಗಿನಿಂದ ಬರುವವರನ್ನು ತಡೆಯುತ್ತದೆ. ಒಳಗಿನಿಂದ ಹೊರಗೆ ಹೋಗುವವರನ್ನು ಕೇಳುವುದೇ ಇಲ್ಲ. ಅಡ್ವಾನ್ಸ್ಡ್ ಸೆಕ್ಯೂರಿಟಿ ಪುಟಕ್ಕೆ ಹೋದರೆ ಔಟ್‌ಬೌಂಡ್ ರೂಲ್ಸ್, ಅಂದರೆ ಹೊರಗೆ ಹೋಗುವವರ ನಿಯಮಗಳ ಪಟ್ಟಿ, ಇದೆ, ಅಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಬ್ಲಾಕ್ ಮಾಡಬಹುದು. ಸರಿ, ರಿಸೋರ್ಸ್ ಮಾನಿಟರ್ ತೆರೆದೆ. ಪಟ್ಟಿಯ ತಲೆಯ ಮೇಲೆ ಕೂತಿದ್ದ ಹೆಸರು ಎಸ್‌ವಿಸಿಹೋಸ್ಟ್. ಮತ್ತೆ ಮತ್ತೆ ಅದೇ. 'ಸಿಕ್ಕಿದೆಯಲ್ಲ ಮಗನೇ' ಎಂದುಕೊಂಡು ಅದರ ಹೆಸರಿಗೆ ಒಂದು ಬ್ಲಾಕ್ ರೂಲ್ ಬರೆದೆ.

ಮೊದಲ ಕೆಲವು ನಿಮಿಷ ಎಲ್ಲ ಸೊಗಸಾಗಿತ್ತು. ತೆರೆದಿದ್ದ ಪುಟಗಳು ಓಡುತ್ತಿದ್ದವು, ಡೇಟಾ ಕಮ್ಮಿ ಹೋಗುತ್ತಿತ್ತು. ಆಮೇಲೆ ಹೊಸ ಪುಟ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಳೆಯದೂ ನಿಂತಿತು. ಮೊಬೈಲ್‌ನಲ್ಲಿ ನೋಡಿದರೆ ನೆಟ್ ಚೆನ್ನಾಗಿಯೇ ಇದೆ. ಬ್ರೌಸರ್ ಕೆಟ್ಟಿದೆ ಎಂದು ಇನ್ನೊಂದು ಬ್ರೌಸರ್ ಹಾಕಿದೆ. ಅದೂ ಇಲ್ಲ. ಫೋನ್ ಆಫ್ ಆನ್, ಲ್ಯಾಪ್‌ಟಾಪ್ ಆಫ್ ಆನ್. ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಏನನ್ನು ಬ್ಲಾಕ್ ಮಾಡಿದೆ?"

"ಎಂಥದೋ ಎಸ್‌ವಿಸಿಹೋಸ್ಟ್ ಅಂತೆ. ವೈರಸ್ ಇರಬೇಕು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಗುತ್ತಿದ್ದಳು ಅನ್ನಿಸುತ್ತದೆ.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಸ್‌ವಿಸಿಹೋಸ್ಟ್ ಒಬ್ಬನಲ್ಲ. ನಮ್ಮೂರಿನ ಬಸ್ಸಿನ ಹಾಗೆ. ಶಾಲೆ ಮಕ್ಕಳು, ಹಾಲಿನ ಕ್ಯಾನು, ಪೋಸ್ಟಿನ ಚೀಲ, ಎಲ್ಲ ಅದರಲ್ಲೇ. ವಿಂಡೋಸ್‌ನ ಹತ್ತಾರು ಸೇವೆಗಳು ಈ ಒಂದೇ ಹೆಸರಿನಲ್ಲಿ ಓಡುತ್ತವೆ. ಅಪ್‌ಡೇಟ್ ತರುವುದು ಅದರಲ್ಲೇ. ವೆಬ್‌ಸೈಟ್ ಹೆಸರನ್ನು ನಂಬರಿನ ವಿಳಾಸಕ್ಕೆ ಬದಲಾಯಿಸುವ ಡಿಎನ್‌ಎಸ್ ಸೇವೆ ಅದರಲ್ಲೇ. ಹಾಟ್‌ಸ್ಪಾಟ್‌ನಿಂದ ನಮ್ಮ ಕಂಪ್ಯೂಟರಿಗೆ ವಿಳಾಸ ಕೇಳಿ ಪಡೆಯುವ ಡಿಎಚ್‌ಸಿಪಿಯೂ ಅದರಲ್ಲೇ. 2017ರ ವಿಂಡೋಸ್ 10 ಆವೃತ್ತಿಯಿಂದ, 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇದ್ದರೆ ಹೆಚ್ಚಿನ ಸೇವೆಗಳಿಗೆ ಬೇರೆ ಬೇರೆ ಎಸ್‌ವಿಸಿಹೋಸ್ಟ್ ಕೊಟ್ಟಿದ್ದಾರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅವು ಬೇರೆ ಬೇರೆಯಾಗಿಯೇ ಕಾಣುತ್ತವೆ. ಆದರೆ ಫೈಲ್ ಮಾತ್ರ ಒಂದೇ. ನಾನು ಬ್ಲಾಕ್ ಮಾಡಿದ್ದು ಫೈಲನ್ನು. ಎಲ್ಲರೂ ಒಟ್ಟಿಗೆ ಇಳಿದರು.

ಮೊದಲ ಕೆಲವು ನಿಮಿಷ ಯಾಕೆ ಓಡಿತು? ಒಮ್ಮೆ ಕೇಳಿದ ವಿಳಾಸವನ್ನು ವಿಂಡೋಸ್ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಆ ನೆನಪು ಮುಗಿಯುವವರೆಗೆ ಓಡಿತು. ತಪ್ಪು ಮಾಡಿದ್ದು ಈಗ, ಪೆಟ್ಟು ಬಿದ್ದದ್ದು ಆಮೇಲೆ. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ತಲೆ ಕೆಡಿಸಿದ್ದು ಇನ್ನೊಂದು. ಔಟ್‌ಬೌಂಡ್ ಪಟ್ಟಿಯಲ್ಲಿ ಡಿಎನ್‌ಎಸ್‌ಗೆ ಅನುಮತಿ ಕೊಡುವ ರೂಲ್ ಮೊದಲೇ ಇತ್ತು. ಹಸಿರು ಟಿಕ್ ಎದ್ದು ಕಾಣುತ್ತಿತ್ತು. ಅನುಮತಿ ಇದೆಯಲ್ಲ, ಮತ್ಯಾಕೆ ಹೋಗುತ್ತಿಲ್ಲ? ಈ ಫೈರ್‌ವಾಲ್‌ನಲ್ಲಿ ಒಂದೇ ಪ್ರೋಗ್ರಾಂಗೆ ಬಿಡು ಅನ್ನುವ ರೂಲೂ ಇದ್ದು, ತಡೆ ಅನ್ನುವ ರೂಲೂ ಇದ್ದರೆ ತಡೆಯೇ ಗೆಲ್ಲುತ್ತದೆ. ರೂಲ್ ಪಟ್ಟಿಯಲ್ಲಿ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಲೆಕ್ಕಕ್ಕಿಲ್ಲ. ಹಸಿರು ಟಿಕ್ ನಂಬಿ ನಾನು ಅರ್ಧ ದಿನ ಕಳೆದೆ.

ಸರಿಯಾದ ದಾರಿ ಇದೆ. ಹೊಸ ರೂಲ್ ಬರೆಯುವಾಗ ಕಸ್ಟಮ್ ಆರಿಸಿ, ಸರ್ವಿಸಸ್ ಪಕ್ಕದ ಗುಂಡಿ ಒತ್ತಿ, ಬೇಕಾದ ಒಂದು ಸೇವೆಯನ್ನು ಮಾತ್ರ ಹಿಡಿಯಬೇಕು. ನನ್ನ ಡೇಟಾ ತಿನ್ನುತ್ತಿದ್ದದ್ದು ಡೆಲಿವರಿ ಆಪ್ಟಿಮೈಸೇಶನ್ ಅನ್ನುವ ಸೇವೆ. ಇಳಿಸಿಕೊಂಡ ಅಪ್‌ಡೇಟ್ ತುಣುಕುಗಳನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚುವುದಕ್ಕೂ ಇದನ್ನೇ ಬಳಸುತ್ತಾರೆ. ಆ ಹಂಚುವ ಉಸಾಬರಿಯನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಬಹುದು, ಫೈರ್‌ವಾಲ್ ಮುಟ್ಟಲೇಬೇಕಿಲ್ಲ. ಇಷ್ಟು ಗೊತ್ತಾಗಲು ನನಗೆ ಒಂದು ಇಪ್ಪತ್ತನೇ ತಾರೀಕು ಪೂರ್ತಿ ಹೋಯಿತು. ರಿಟರ್ನ್ ಹೋದದ್ದು ರಾತ್ರಿ ಹತ್ತೂವರೆಗೆ, ಪಕ್ಕದ ಮನೆಯವರ ಫೋನಿನಿಂದ.

ಎಲ್ಲವನ್ನೂ ತಡೆದು, ಬೇಕಾದದ್ದನ್ನು ಮಾತ್ರ ಬಿಡುವ ವ್ಯವಸ್ಥೆಯೂ ವಿಂಡೋಸ್ ಫೈರ್‌ವಾಲ್‌ನಲ್ಲಿ ಇದೆ. ಆದರೆ ಹೊರಗೆ ಹೋಗಲಾರದೆ ಯಾವುದಾದರೂ ಒದ್ದಾಡುತ್ತಿದ್ದರೆ ಅದು ನಿಮಗೆ ಹೇಳುವುದಿಲ್ಲ. ಲಾಗ್ ಹುಡುಕಿಕೊಂಡು ಹೋಗಬೇಕು. ತಾಳ್ಮೆ ಇದ್ದವರಿಗೆ ಸರಿ. ಹಣವೂ ಬೇಡ, ಹೊಸ ಪ್ರೋಗ್ರಾಂ ಹಾಕುವುದೂ ಬೇಡ.

ನಾಲ್ಕನೆಯದಾಗಿ ಟೈನಿವಾಲ್ ಎಂಬ ಫೈರ್‌ವಾಲ್ ನಾಲ್ಕು ದಿನ ಬಳಸಿದೆ, ಉಚಿತ. ಅದನ್ನು ಮಾಡಿದವರು ಪಾಪ್‌ಅಪ್ ಬೇಡವೆಂದೇ ಮಾಡಿದ್ದಾರೆ. ನೀವೇ ಪ್ರೋಗ್ರಾಂ ಕಿಟಕಿಯ ಮೇಲೆ ಒತ್ತಿ ಇದಕ್ಕೆ ನೆಟ್ ಬಿಡು ಅನ್ನಬಹುದು. ಬ್ರೌಸರ್‌ಗೆ, ಲೆಕ್ಕದ ತಂತ್ರಾಂಶಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ನನ್ನ ತಂಟೆ ಇರುವುದೇ ಕಿಟಕಿ ಇಲ್ಲದವರ ಜೊತೆ. ಅವನ್ನು ಪ್ರೋಸೆಸ್ ಪಟ್ಟಿಯಿಂದ ಹೆಕ್ಕಬೇಕು. ಪಟ್ಟಿ ನೋಡಿ ಯಾರು ಯಾರು ಎಂದು ಗೊತ್ತಾಗುವ ಹಾಗಿದ್ದರೆ ನನಗೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ, ಅಲ್ವಾ?

ಸಿಂಪಲ್‌ವಾಲ್ ಕೇಳುತ್ತದೆ. ಅಷ್ಟೇ ವಿಷಯ. ಹೊಸ ಪ್ರೋಗ್ರಾಂ ಮೊದಲ ಸಲ ಹೊರಗೆ ಕಾಲಿಟ್ಟಾಗ ಮೂಲೆಯಲ್ಲಿ ಒಂದು ಚೌಕ ಬರುತ್ತದೆ. ಹೆಸರು, ಯಾರ ಸಹಿ ಇದೆ, ಯಾವ ವಿಳಾಸಕ್ಕೆ, ಯಾವ ಪೋರ್ಟಿಗೆ ಹೊರಟಿದೆ, ಎಲ್ಲ ಅದರಲ್ಲಿ. ಬಿಡು ಅಥವಾ ಬೇಡ. ಉತ್ತರ ಕೊಡದೆ ಎದ್ದು ತೋಟಕ್ಕೆ ಹೋದರೆ ಅದು ಅಲ್ಲೇ ಕಾಯುತ್ತಿರುತ್ತದೆ, ನೆಟ್ ಸಿಗುವುದಿಲ್ಲ. ಸೇವೆಗಳಿಗೆ ಬೇರೆಯೇ ಟ್ಯಾಬ್ ಇದೆ, ಹಾಗಾಗಿ ಆ ಬಸ್ಸಿನಲ್ಲಿ ಯಾರು ಯಾರು ಕೂತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡಬಹುದು. ಡಿಎನ್‌ಎಸ್, ಡಿಎಚ್‌ಸಿಪಿಗೆ ರೂಲ್ ಮೊದಲೇ ಬರೆದಿಟ್ಟಿರುತ್ತದೆ. ಉಚಿತ, ಕೋಡ್ ಕೂಡ ತೆರೆದಿಟ್ಟಿದ್ದಾರೆ. ವಿಂಡೋಸ್ ಫೈರ್‌ವಾಲ್‌ನ ರೂಲ್ ಪಟ್ಟಿಯನ್ನು ಇದು ಬಳಸುವುದಿಲ್ಲ. ಅದರ ಕೆಳಗಿದ್ದು ನಿಜವಾಗಿ ತಡೆಯುವ ಕೆಲಸ ಮಾಡುವ ಫಿಲ್ಟರಿಂಗ್ ಪ್ಲಾಟ್‌ಫಾರ್ಮ್ ಜೊತೆ ನೇರ ವ್ಯವಹಾರ.

ಮೊದಲ ದಿನ ಮೂವತ್ತು ಮೂವತ್ತೈದು ಸಲ ಕೇಳಿತು. ಎರಡನೇ ದಿನ ಆರು. ಈಗ ವಾರಕ್ಕೊಮ್ಮೆ.

ಏನನ್ನು ಬಿಟ್ಟೆ, ಏನನ್ನು ತಡೆದೆ? ಆಂಟಿವೈರಸ್‌ಗೆ ಬಿಟ್ಟೆ, ಎರಡು ಮಾತಿಲ್ಲ. ಬ್ರೌಸರ್ ಮತ್ತು ಅದರ ಅಪ್‌ಡೇಟರ್‌ಗೆ ಬಿಟ್ಟೆ. ಗಡಿಯಾರ ಸರಿ ಮಾಡುವ ಟೈಮ್ ಸೇವೆಗೆ ಬಿಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪ್‌ನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿದೆ, ತಾರೀಕು ಹಿಂದೆ ಹೋದರೆ ಸುರಕ್ಷಿತ ಪುಟಗಳೆಲ್ಲ ಸರ್ಟಿಫಿಕೇಟ್ ಸರಿಯಿಲ್ಲ ಎಂದು ರಾಗ ಎಳೆಯುತ್ತವೆ. ಪ್ರಿಂಟರ್ ಜೊತೆ ಬಂದ ಸಹಾಯಕ ಪ್ರೋಗ್ರಾಂಗೆ ಬೇಡ ಎಂದೆ. ಅದಕ್ಕೆ ನೆಟ್ ಯಾಕೆ? ಪ್ರಿಂಟ್ ಈಗಲೂ ಬರುತ್ತದೆ.

ಡಿಜಿಟಲ್ ಸಹಿಯ ಟೋಕನ್ ಇದೆಯಲ್ಲ, ಅದರ ಹಿನ್ನೆಲೆ ಪ್ರೋಗ್ರಾಂ ಬಗ್ಗೆ ಮಾತ್ರ ಹೆದರಿಕೆ ಇತ್ತು. ತಡೆದರೆ ಸಹಿ ಆಗುವುದಿಲ್ಲವೇನೋ ಎಂದು. ಆದರೆ ಅದು ಬ್ರೌಸರ್ ಜೊತೆ ಮಾತಾಡುವುದು ಕಂಪ್ಯೂಟರಿನ ಒಳಗೇ, ಲೂಪ್‌ಬ್ಯಾಕ್ ವಿಳಾಸದಲ್ಲಿ. ನನ್ನ ಸಿಂಪಲ್‌ವಾಲ್‌ನಲ್ಲಿ ಲೂಪ್‌ಬ್ಯಾಕ್ ಬಿಡುವ ಆಯ್ಕೆಗೆ ಟಿಕ್ ಇದೆ. ಹೊರಗಿನ ನೆಟ್ ತಡೆದರೂ ಸಹಿ ಆಗುತ್ತಿದೆ.

ಕೊರತೆಯೂ ಇದೆ. ಯಾರು ಎಷ್ಟು ಎಂಬಿ ತಿಂದರು ಎಂದು ಇದು ತೋರಿಸುವುದಿಲ್ಲ, ಆ ಲೆಕ್ಕಕ್ಕೆ ಸೆಟ್ಟಿಂಗ್ಸ್‌ಗೇ ಹೋಗಬೇಕು. ಕೆಲವು ಪ್ರೋಗ್ರಾಂಗಳು ಪ್ರತಿ ಅಪ್‌ಡೇಟ್‌ನಲ್ಲಿ ಹೊಸ ನಂಬರಿನ ಫೋಲ್ಡರಿಗೆ ಮನೆ ಬದಲಾಯಿಸುತ್ತವೆ. ರೂಲ್ ಇರುವುದು ಹಳೆಯ ವಿಳಾಸಕ್ಕೆ, ಹಾಗಾಗಿ ಮತ್ತೆ ಕೇಳುತ್ತದೆ. ಇನ್ನು ತೆಗೆದುಹಾಕುವ ಮೊದಲು ಫಿಲ್ಟರ್ ಆಫ್ ಮಾಡಲೇಬೇಕು. ಶಾಶ್ವತ ಫಿಲ್ಟರ್ ಹಾಕಿದ್ದರೆ ಪ್ರೋಗ್ರಾಂ ಹೋದ ಮೇಲೂ ತಡೆ ಉಳಿಯುತ್ತದೆ.

ವಿಂಡೋಸ್ ಅಪ್‌ಡೇಟ್ ಬಗ್ಗೆ ನನ್ನ ಪದ್ಧತಿ ಹೀಗಿದೆ. ವಾರವಿಡೀ ತಡೆ. ಭಾನುವಾರ ಸಾಮಾನು ತರಲು ಶಿರಸಿಗೆ ಹೋದಾಗ ತಮ್ಮನ ಮನೆಯ ಫೈಬರ್‌ಗೆ ಲ್ಯಾಪ್‌ಟಾಪ್ ಹಚ್ಚಿ, ಫಿಲ್ಟರ್ ಆಫ್ ಮಾಡಿ, ಊಟ ಮುಗಿಯುವವರೆಗೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ಹೀಗೆ ವಾರಕ್ಕೊಮ್ಮೆ ಹೋಗಿ ಬರುವ ಅನುಕೂಲ ಇಲ್ಲದವರು ಅಪ್‌ಡೇಟ್ ತಡೆಯಬೇಡಿ, ಮೀಟರ್ಡ್ ಸ್ವಿಚ್ ಹಾಕಿ ಸುಮ್ನಿರಿ. ಮನೆಗೆ ಫೈಬರ್ ಇದ್ದವರಿಗೆ ಈ ತಲೆನೋವೇ ಬೇಡ ಅನ್ನುವುದು ನನ್ನ ಲೆಕ್ಕ. ಯಾವ ಪ್ರೋಗ್ರಾಂ ಎಲ್ಲಿಗೆ ಮಾತಾಡುತ್ತದೆ ಎಂಬ ಕುತೂಹಲ ಇದ್ದರೆ ಬೇರೆ ಮಾತು.

ಕಾಸಿನ ಫೈರ್‌ವಾಲ್‌ನ ಚಂದಾ ಇನ್ನೂ ಏಳು ತಿಂಗಳು ಬಾಕಿ ಇದೆ. ಅದನ್ನು ತೆಗೆದುಹಾಕಿ ಆಟೋ ರಿನ್ಯೂವಲ್ ಆಫ್ ಮಾಡಿದೆ. ಆ ಆಫ್ ಗುಂಡಿ ಹುಡುಕಲು ಹಿಡಿದಷ್ಟು ಹೊತ್ತು ಸಿಂಪಲ್‌ವಾಲ್‌ನ ಮೊದಲ ದಿನದ ಮೂವತ್ತೈದು ಪ್ರಶ್ನೆಗಳಿಗೂ ಹಿಡಿದಿರಲಿಲ್ಲ.