ಪಾರ್ಟಿಷನ್ ಸಹಾಯ ಕನ್ನಡ ಬಾರದವರಿಂದ: ಯಾವ ದಾರಿ ನಂಬಬಹುದು?

ಸೌಂಡ್ ಬರ್ತಿಲ್ಲ ಅಂತ ಕೇಳಿದಾಗ ತಪ್ಪು ಉತ್ತರ ಬಂದರೆ ಇನ್ನೊಮ್ಮೆ ಕೇಳಬಹುದು. ಲಿನಕ್ಸ್‌ನಲ್ಲಿ ಪಾರ್ಟಿಷನ್ (ಡಿಸ್ಕ್‌ನಲ್ಲಿ ಮಾಡಿಕೊಂಡ ಭಾಗ) ಬದಲಿಸೋದು ಹಾಗಲ್ಲ. ಎದುರಿನವರು ಒಂದು ಮಾತು ತಿರುಗಿಸಿ ಅರ್ಥ ಮಾಡಿಕೊಂಡರೆ ಡೇಟಾ ಹೋಗುತ್ತದೆ. ಅದಕ್ಕೇ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ.

ಪ್ರಶ್ನೆ ಇಷ್ಟೇ. ರೂಟ್ (ಸಿಸ್ಟಂ ಇರುವ ಪಾರ್ಟಿಷನ್) ತುಂಬಿದೆ, ಹೋಮ್‌ನಲ್ಲಿ (ನನ್ನ ಫೈಲ್‌ಗಳಿರುವ ಪಾರ್ಟಿಷನ್) ಜಾಗ ಬೇಕಾದಷ್ಟಿದೆ. ಎರಡರ ಫೈಲ್‌ಸಿಸ್ಟಂ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇಎಕ್ಸ್‌ಟಿ4, ಮಧ್ಯೆ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಇದೆ. ಹೋಮ್‌ನಿಂದ ತೆಗೆದು ರೂಟ್‌ಗೆ ಕೊಡಬೇಕು.

ಮೊದಲು ಕನ್ನಡದಲ್ಲಿ ಉದ್ದಕ್ಕೆ ಬರೆದು, ಪೂರ್ತಿ ಮೆಷಿನ್ ಅನುವಾದಕ್ಕೆ ಹಾಕಿದೆ. ಓದೋಕೆ ಚೆನ್ನಾಗಿಯೇ ಬಂತು. ಆದರೆ ಯಾವುದರಿಂದ ಯಾವುದಕ್ಕೆ ಅನ್ನೋದು ಉಲ್ಟಾ ಆಗಿತ್ತು. ಉತ್ತರ ಕೊಟ್ಟವರು ರೂಟ್ ಚಿಕ್ಕದು ಮಾಡೋದು ಹೇಗೆ ಅಂತ ವಿವರಿಸಿದರು. ಆ ಉತ್ತರವನ್ನು ಕನ್ನಡಕ್ಕೆ ತಂದಾಗ ಕಮ್ಯಾಂಡ್‌ಗಳೂ ಬದಲಾದವು. ಎರಡು ಹೈಫನ್ ಸೇರಿ ಒಂದು ಉದ್ದ ಗೆರೆ, ನೇರ ಕೋಟ್ ಜಾಗದಲ್ಲಿ ಬಾಗಿದ ಕೋಟ್. ಪಾರ್ಟಿಷನ್ ಕೆಲಸಕ್ಕೆ ಈ ದಾರಿ ಬೇಡವೇ ಬೇಡ.

ಆಮೇಲೆ ನನಗೆ ಬರುವ ಇಂಗ್ಲಿಷ್‌ನಲ್ಲೇ ಬರೆದೆ. ಒಂದು ವಾಕ್ಯಕ್ಕೆ ಒಂದೇ ವಿಷಯ. ವ್ಯಾಕರಣ ಹೇಗಿದ್ದರೂ ಪರವಾಗಿಲ್ಲ, ಎದುರಿನವರು ಬೇಕಾದ ಪ್ರಶ್ನೆಗಳನ್ನೇ ತಿರುಗಿ ಕೇಳಿದರು. ಇದು ಎಷ್ಟೋ ವಾಸಿ.

ಎಐ ಚಾಟ್‌ಗೆ ಕನ್ನಡದಲ್ಲೇ ಕೇಳಬಹುದು, ಅದು ದೊಡ್ಡ ಅನುಕೂಲ. ವಿವರಣೆ ಸಲೀಸಾಗಿ ಅರ್ಥವಾಗುತ್ತದೆ. ಆದರೆ ಕ್ರಮ ತಪ್ಪಿತ್ತು: ಹೋಮ್ ಚಿಕ್ಕದು ಮಾಡುವಾಗ ಪಾರ್ಟಿಷನ್ ಮೊದಲು, ಫೈಲ್‌ಸಿಸ್ಟಂ ಆಮೇಲೆ ಅಂತ ಹೇಳಿತು. ಕಿರಿದು ಮಾಡುವಾಗ ಅನ್‌ಮೌಂಟ್ ಮಾಡಿ (ಸಿಸ್ಟಂ ಬಳಕೆಯಿಂದ ಬಿಡಿಸಿ) ಮೊದಲು ಫೈಲ್‌ಸಿಸ್ಟಂ ಕುಗ್ಗಿಸಬೇಕು, ಆಮೇಲೆ ಪಾರ್ಟಿಷನ್. ಹಿಗ್ಗಿಸುವಾಗ ಇದರ ಉಲ್ಟಾ. ಕ್ರಮ ತಪ್ಪಿದರೆ ಫೈಲ್‌ಸಿಸ್ಟಂನ ಬಾಲವೇ ಕತ್ತರಿಸಿ ಹೋಗುತ್ತದೆ. ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಪ್ರೋಗ್ರಾಂ ಈ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ, ಆದ್ದರಿಂದ ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುವ ಸಿಸ್ಟಂ) ಅದನ್ನೇ ಬಳಸೋದು ಒಳ್ಳೇದು.

ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬಂದದ್ದು ಮಾತು ಕಡಿಮೆ ಮಾಡಿ ಕಮ್ಯಾಂಡ್‌ಗಳ ಔಟ್‌ಪುಟ್ ಜಾಸ್ತಿ ಕೊಡೋದು. ಡಿಸ್ಕ್‌ನ ಸ್ಥಿತಿಯನ್ನು ಯಂತ್ರವೇ ಹೇಳಲಿ, ನಾವು ಏನು ಬೇಕು ಅನ್ನೋದನ್ನು ಮಾತ್ರ ಹೇಳೋಣ. ಸಿಸ್ಟಂ ಕನ್ನಡದಲ್ಲಿದ್ದರೆ ಕಮ್ಯಾಂಡ್ ಮುಂದೆ ಎಲ್‌ಸಿ_ಎಎಲ್‌ಎಲ್=ಸಿ ಅಂತ ದೊಡ್ಡಕ್ಷರದಲ್ಲಿ ಸೇರಿಸಿ, ಸಂದೇಶಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮ್ಯಾಂಡ್‌ಗೆ ಮೈನಸ್ ಎಫ್ ಕೊಟ್ಟರೆ ಫೈಲ್‌ಸಿಸ್ಟಂ, ಯುಯುಐಡಿ (ಗುರುತಿನ ಸಂಖ್ಯೆ), ಮೌಂಟ್ ಆದ ಜಾಗ ಎಲ್ಲಾ ಸಿಗುತ್ತದೆ. ಆದರೆ ಖಾಲಿ ಜಾಗ ಡಿಸ್ಕ್‌ನ ಯಾವ ಕಡೆ ಇದೆ ಅಂತ ಅದು ತೋರಿಸಲ್ಲ. ಪಾರ್ಟಿಷನ್ ಪ್ರಶ್ನೆಯಲ್ಲಿ ಮುಖ್ಯ ಅದೇ ಅಲ್ವಾ? ಅದಕ್ಕೆ ಪಾರ್ಟೆಡ್ ಅನ್ನೋ ಕಮ್ಯಾಂಡ್‌ನ ಪ್ರಿಂಟ್ ಫ್ರೀ ಬೇಕು. ಜಿಪಾರ್ಟೆಡ್ ಸ್ಕ್ರೀನ್‌ಶಾಟ್ ಕೂಡ ಜೊತೆಗಿರಲಿ.

ಇಷ್ಟು ಕೊಟ್ಟ ಮೇಲೆ ಮೊದಲ ಉತ್ತರದಲ್ಲೇ ಸ್ವಾಪ್ ಅಡ್ಡ ಇದೆ ಅಂತ ಹಿಡಿದರು. ಹೋಮ್‌ನ ಎಡತುದಿ ಬಲಕ್ಕೆ ಸರಿಸಬೇಕು, ಅದಕ್ಕೆ ಡೇಟಾ ಎಲ್ಲಾ ಜರುಗಬೇಕು, ಹೊತ್ತು ಹಿಡಿಯುತ್ತದೆ, ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ ಅಂದರು. ಸ್ವಾಪ್ ಅಳಿಸಿ ಹೊಸದಾಗಿ ಮಾಡಿದರೆ ಯುಯುಐಡಿ ಬದಲಾಗುತ್ತದೆ, ಬೂಟ್ ಆಗುವಾಗ ಯಾವ ಪಾರ್ಟಿಷನ್ ಬಳಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲೂ ತಿದ್ದಿ ಅಂತಲೂ ಸೇರಿಸಿದರು. ನನ್ನ ಉದ್ದದ ಕನ್ನಡ ವಿವರಣೆಗೆ ಇಂಥ ಉತ್ತರ ಬಂದಿರಲಿಲ್ಲ.

ಕನ್ನಡ ಬಲ್ಲವರನ್ನೇ ಕೇಳೋದು? ಸಿಕ್ಕರೆ ಅದಕ್ಕಿಂತ ನೆಮ್ಮದಿ ಇಲ್ಲ. ಆದರೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಕೂಡಿಸಿ ಹಂಚುವ ವ್ಯವಸ್ಥೆ), ಲಕ್ಸ್ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡೋದು) ಅಂತ ಬಂದಾಗ ಬಲ್ಲವರು ಕಡಿಮೆ, ಕಾಯಬೇಕು.

ಈಗ ನಾನು ಎರಡು ಸೇರಿಸಿ ಮಾಡ್ತೀನಿ. ಔಟ್‌ಪುಟ್ ಮತ್ತು ಸರಳ ಇಂಗ್ಲಿಷ್ ಮನುಷ್ಯರಿಗೆ, ಬಂದ ಉತ್ತರದ ವಿವರಣೆಗೆ ಮಾತ್ರ ಎಐ. ಕಮ್ಯಾಂಡ್ ಸಾಲನ್ನು ಮೂಲದಿಂದಲೇ ಕಾಪಿ ಮಾಡ್ತೀನಿ. ಲೈವ್ ಯುಎಸ್‌ಬಿ ಹಾಕಿ ಬೂಟ್ ಮಾಡಿದಾಗ ಡಿಸ್ಕ್‌ನ ಹೆಸರು ಎಸ್‌ಡಿಎ ಇದ್ದದ್ದು ಎಸ್‌ಡಿಬಿ ಆಗಬಹುದು. ಆದ್ದರಿಂದ ಚಿಕ್ಕದಾಗುವ ಪಾರ್ಟಿಷನ್‌ನ ಯುಯುಐಡಿ ಮತ್ತು ಸೈಜ್ ಬರೆದು, ಇದೇ ತಾನೇ ಅಂತ ಕೇಳಿ, ಹೌದು ಅಂದ ಮೇಲೆ ಮಾತ್ರ ಅಪ್ಲೈ ಒತ್ತುತ್ತೇನೆ.