ಲಾರೆಲ್ ಬೇಲಿ ಅಂತ ಸಂಪಿನ ಪಕ್ಕ ಆಲದ ಜಾತಿ ಹಚ್ಚಬೇಡಿ

ಹೊಸ ಮನೆ ಕಟ್ಟಿ ಕಾಂಪೌಂಡ್ ಗುಂಟ ಹಸಿರು ಬೇಲಿ ಬೆಳೆಸೋಣ ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ನಮ್ಮ ಹಾಗೆ ಎರೆಮಣ್ಣಿನ ಊರಲ್ಲಿ ಇರುವವರು, ಅಂಗಳದಲ್ಲೇ ನೀರಿನ ಸಂಪ್ ಇರುವವರು. ನರ್ಸರಿಯಲ್ಲಿ 'ಇಂಡಿಯನ್ ಲಾರೆಲ್' ಅಂತಲೋ ಬರೀ 'ಫೈಕಸ್' ಅಂತಲೋ ಕೊಡುವ ಗಿಡವನ್ನು ಗೋಡೆ ಪಕ್ಕ ಹಚ್ಚಬೇಡಿ. ನಾನು ಹಚ್ಚಿದೆ. ಐದೇ ವರ್ಷಕ್ಕೆ ಕುಡಿಯುವ ನೀರಿನ ಸಂಪ್ ಸೋರಿತು, ಗೋಡೆ ಬಿರಿಯಿತು.

ನಮ್ಮ ಮನೆ ವಿಜಯಪುರದಲ್ಲಿ. 2019ರ ಬೇಸಿಗೆಯಲ್ಲಿ ಗೃಹಪ್ರವೇಶ ಆಯಿತು. ಆಗ ನಾನು ಮೊಬೈಲಲ್ಲಿ ಇಂಗ್ಲೆಂಡಿನ ತೋಟಗಳ ವಿಡಿಯೋ ಬಹಳ ನೋಡುತ್ತಿದ್ದೆ. ಆಳೆತ್ತರದ ಲಾರೆಲ್ ಬೇಲಿ, ಹೊಳೆಯುವ ದಪ್ಪ ಎಲೆ, ಸುಣ್ಣದ ಗೋಡೆ ಹಾಗೆ ನೆಟ್ಟಗೆ ಕತ್ತರಿಸಿದ್ದು. ನಮ್ಮ ಮನೆ ಮುಂದೆಯೂ ಹಾಗೇ ಬೇಕು ಅನ್ನಿಸಿತು. ನರ್ಸರಿಗೆ ಹೋಗಿ ಲಾರೆಲ್ ಇದೆಯಾ ಅಂತ ಕೇಳಿದೆ. ಇದೆ, ಇಂಡಿಯನ್ ಲಾರೆಲ್, ಬಿಸಿಲು ತಡೆಯುತ್ತದೆ, ಬೇಗ ಬೆಳೆಯುತ್ತದೆ ಅಂದರು. ಆ ಎರಡು ಮಾತೂ ನಿಜವೇ. ಬೇರಿನ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು. ಆ ವಿಡಿಯೋಗಳಲ್ಲಿ ಇದ್ದದ್ದು ಚೆರ್ರಿ ಲಾರೆಲ್. ಅದು ಚೆರ್ರಿ, ಪ್ಲಮ್ ಹಣ್ಣಿನ ಕುಲದ ಗಿಡ, ತಂಪು ದೇಶದ್ದು. ಅದರ ಎಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಆಡು ದನ ತಿಂದರೆ ವಿಷ. ಅಸಲಿ ಲಾರೆಲ್ ಅನ್ನುವುದು ಇನ್ನೊಂದು, ಮೆಡಿಟರೇನಿಯನ್ ಕಡೆಯ ಘಮಘಮ ಎಲೆಯ ಮರ. ನಮ್ಮ ಮತ್ತಿ ಮರದ ಕಟ್ಟಿಗೆಗೂ ವ್ಯಾಪಾರದಲ್ಲಿ ಇಂಡಿಯನ್ ಲಾರೆಲ್ ಅನ್ನುತ್ತಾರೆ. ನನಗೆ ಕೊಟ್ಟದ್ದು ಇದ್ಯಾವುದೂ ಅಲ್ಲ, ಫೈಕಸ್ ಮೈಕ್ರೋಕಾರ್ಪ. ಅಂದರೆ ಆಲ, ಅರಳಿ, ಅತ್ತಿ, ಬಸರಿ ಇವುಗಳ ಕುಲ. ಬಿಟ್ಟರೆ ದೊಡ್ಡ ಮರವೇ ಆಗುತ್ತದೆ.

ನಮ್ಮ ಅವ್ವ ಮೊದಲ ದಿನವೇ ಹೇಳಿದ್ದಳು. ಸಸಿ ಇಳಿಸುವಾಗ ಒಂದು ಟೊಂಗೆ ಮುರಿಯಿತು. ಅವಳ ಬೆರಳಿಗೆಲ್ಲ ಬಿಳಿ ಹಾಲು ಅಂಟಿತು. ಸೆರಗಿಗೆ ಒರೆಸಿಕೊಳ್ಳುತ್ತಾ, "ತಮ್ಮಾ, ಇದರಾಗ ಹಾಲ ಬರಾಕತ್ತೈತಿ, ಇದು ಆಲದ ಬಳಗ ಐತಿ ನೋಡು, ಗ್ವಾಡಿ ಹತ್ರ ಬ್ಯಾಡ" ಅಂದಳು. ಕತ್ತರಿಸುತ್ತಾ ಇದ್ದರೆ ಏನೂ ಆಗಲ್ಲ ಅಂತ ನಾನು ಅವಳ ಬಾಯಿ ಮುಚ್ಚಿಸಿದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ನಲವತ್ತು ಅಡಿ ಗೋಡೆಗೆ ಒಂದೂವರೆ ಅಡಿಗೊಂದರಂತೆ 26 ಸಸಿ ಹಚ್ಚಿದೆ. ಗೋಡೆಯಿಂದ ಎರಡು ಅಡಿ, ಸಂಪಿನಿಂದ ಆರು ಅಡಿ ದೂರ. ಎರಡು ವರ್ಷ ನಿಜಕ್ಕೂ ಚೆನ್ನಾಗಿತ್ತು. ಎದೆಮಟ್ಟ ಬಂತು, ಸಂದಿಲ್ಲದೆ ಕೂಡಿಕೊಂಡಿತು. ದಾರಿಯಲ್ಲಿ ಹೋಗುವವರು ನಿಂತು ಯಾವ ಗಿಡ ಅಂತ ಕೇಳುತ್ತಿದ್ದರು. ಮೂರು ಮಂದಿಗೆ ನಾನೇ ನರ್ಸರಿ ತೋರಿಸಿದ್ದೇನೆ. ಅವರಲ್ಲಿ ಇಬ್ಬರಿಗೆ ಈಗ ಹೋಗಿ ಹೇಳಿ ಬಂದೆ, ಇನ್ನೊಬ್ಬರು ಮನೆ ಬದಲಿಸಿದ್ದಾರೆ.

ಮೊದಲು ಬಂದದ್ದು ಹುಳದ ಕಾಟ. 2022ರಲ್ಲಿ ಹೊಸ ಚಿಗುರೆಲ್ಲ ನಡುವೆ ಮಡಚಿಕೊಂಡು ಅವರೆಕಾಯಿ ಸಿಪ್ಪೆ ಹಾಗೆ ಮುಚ್ಚಿಕೊಂಡವು. ಮೇಲೆ ಕೆಂಪು ನೇರಳೆ ಚುಕ್ಕೆ. ಒಂದನ್ನು ಉಗುರಿಂದ ಬಿಡಿಸಿದೆ. ಒಳಗೆ ಎಳ್ಳಿಗಿಂತ ಸಣ್ಣ ಕರಿ ಹುಳ, ಹಳದಿ ಮರಿ, ತತ್ತಿ, ಎಲ್ಲ ಒಟ್ಟಿಗೆ ಇದ್ದವು. ಥ್ರಿಪ್ಸ್. ನಮ್ಮ ಜಿಲ್ಲೆಯ ದ್ರಾಕ್ಷಿ, ಮೆಣಸಿನಕಾಯಿ ಬೆಳೆಯುವವರಿಗೆ ಈ ಹೆಸರು ಗೊತ್ತೇ ಇರುತ್ತದೆ, ಇದು ಅದರದೇ ಇನ್ನೊಂದು ಜಾತಿ, ಫೈಕಸ್ ಗಿಡಕ್ಕೇ ಬರುವಂಥದ್ದು. ಬೇಲಿ ಹತ್ತಿರ ಕೂತರೆ ಮೈಮೇಲೆ ಉದುರಿ ಚುರುಚುರು ಕಡಿಯುತ್ತದೆ. ಬೇವಿನೆಣ್ಣೆ ಹೊಡೆದೆ, ಜಾಸ್ತಿ ಉಪಯೋಗ ಆಗಲಿಲ್ಲ. ಹುಳ ಇರುವುದು ಮಡಚಿದ ಎಲೆಯ ಒಳಗೆ, ಔಷಧ ಬೀಳುವುದು ಹೊರಗೆ. ಎಲೆ ಕತ್ತರಿಸಿ ಸುಟ್ಟರೆ ಕಡಿಮೆ ಆಗುತ್ತದೆ. ಆದರೆ ಕತ್ತರಿಸಿದಷ್ಟೂ ಎಳೆ ಚಿಗುರು ಬರುತ್ತದೆ, ಈ ಹುಳಕ್ಕೆ ಬೇಕಾದದ್ದೇ ಎಳೆ ಚಿಗುರು. ಬೇಲಿ ಅಂದಮೇಲೆ ಕತ್ತರಿಸದೆ ಇರಲು ಆಗುತ್ತದಾ? ಬೇರಿಗೆ ಹಾಕುವ ವಿಷದ ಔಷಧ ಇದೆ ಅಂದರು ಕೆಲವರು. ಪಕ್ಕದಲ್ಲೇ ಕುಡಿಯುವ ನೀರು ಇಟ್ಟುಕೊಂಡು ಅದನ್ನು ಹಾಕುವ ಧೈರ್ಯ ನನಗೆ ಬರಲಿಲ್ಲ.

ದೊಡ್ಡ ಹೊಡೆತ ಬಿದ್ದದ್ದು 2024ರ ಬೇಸಿಗೆಯಲ್ಲಿ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ಸಂಪ್ ತುಂಬಿಸಿಕೊಂಡು ದಿನ ದೂಡಬೇಕು. ರಾತ್ರಿ ತುಂಬಿಸಿದ ಸಂಪ್ ಬೆಳಿಗ್ಗೆ ನೋಡಿದರೆ ಒಂದು ಗೇಣು ಇಳಿದಿರುತ್ತಿತ್ತು. ಮೊದಲು ಮೋಟರಿನ ವಾಲ್ವ್ ಬದಲಿಸಿದೆ, ಆಮೇಲೆ ಪೈಪ್ ನೋಡಿಸಿದೆ. ಕೊನೆಗೆ ಸಂಪ್ ಖಾಲಿ ಮಾಡಿ ಗೌಂಡಿಯವರನ್ನು ಇಳಿಸಿದೆ. ಅವರು ಕೆಳಗಿಂದ ಬ್ಯಾಟರಿ ಬಿಟ್ಟು ನನ್ನನ್ನೂ ಕರೆದರು. ಗಿಲಾವಿನಲ್ಲಿ ಒಂದು ಕೂದಲೆಳೆ ಬಿರುಕು. ಅದರಿಂದ ಕಂದು ಬಣ್ಣದ ಬೇರಿನ ಜುಟ್ಟು ಇಳಿಬಿದ್ದಿತ್ತು, ನೆನೆದ ತೆಂಗಿನ ನಾರಿನ ಹಾಗೆ, ಮೊಳದುದ್ದ. ಹಿಡಿದು ಎಳೆದರೆ ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ಹಿಂದೆ ಹೆಬ್ಬೆರಳಿನಷ್ಟು ದಪ್ಪ ಬೇರು.

ಹೀಗಾಗಲು ಕಾರಣ ಇದೆ. ಸಂಪಿನ ಗೋಡೆಯಲ್ಲಿ ಎಲ್ಲೋ ಸ್ವಲ್ಪ ತೇವ ಒಸರಿದರೂ ಬೇರು ಅಲ್ಲೇ ಬೆಳೆಯುತ್ತದೆ. ಸುತ್ತ ನೆಲ ಒಣಗಿದ್ದರೆ ಇನ್ನೂ ಜಾಸ್ತಿ. ಎಳೆ ಇದ್ದಾಗ ಬಿರುಕಿನಲ್ಲಿ ನುಸುಳಿ, ಒಳಗೆ ದಪ್ಪ ಆಗಿ, ಬಿರುಕನ್ನು ಅಗಲ ಮಾಡುತ್ತದೆ. ಇನ್ನು ಎರೆಮಣ್ಣು ನಿಮಗೆ ಗೊತ್ತೇ ಇದೆ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಸಾಲಾಗಿ 26 ಗಿಡ ಅದೇ ನೆಲದ ನೀರು ಹೀರಿದರೆ ಮಣ್ಣು ಇನ್ನಷ್ಟು ಕುಗ್ಗುತ್ತದೆ, ಮೇಲಿನ ಗೋಡೆ ಕೂರುತ್ತದೆ. ನಮ್ಮ ಕಾಂಪೌಂಡ್ ಪಾಯ ಎರಡೇ ಅಡಿ. ಎರಡು ಕಡೆ ಮೆಟ್ಟಿಲು ಮೆಟ್ಟಿಲಾಗಿ ಬಿರಿಯಿತು, ಒಂದರಲ್ಲಿ ಐದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ನಮ್ಮೂರ ಹಳೇ ಕಟ್ಟಡಗಳ ಕಲ್ಲಿನ ಸಂದಿಯಲ್ಲಿ ಅರಳಿ, ಬಸರಿ ಬೆಳೆದು ಕಲ್ಲು ಸರಿಸಿರುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವನು ನಾನು. ಅದೇ ಕುಲದ ಗಿಡಕ್ಕೆ ನನ್ನ ಕೈಯಾರೆ ನೀರು ಹಾಕಿದೆ.

ಬೇಲಿ ಕೀಳಿಸಿ, ಸಂಪ್ ರಿಪೇರಿ ಮಾಡಿಸಿ, ಗೋಡೆಯ ಒಂದು ಭಾಗ ಹೊಸದಾಗಿ ಕಟ್ಟಿಸಲು 61 ಸಾವಿರ ಹೋಯಿತು. ಹದಿನೆಂಟು ದಿನ ಟ್ಯಾಂಕರ್ ನೀರು ಬೇರೆ.

ಸಸಿ ತರುವ ಮುಂಚೆ ಒಂದು ಎಲೆ ಹರಿದು ನೋಡಿ. ಹಾಲು ಬಂದರೆ, ಟೊಂಗೆಯ ತುದಿ ಆಲದ ಕುಡಿಯ ಹಾಗೆ ಮೊನಚಾಗಿ ಸುತ್ತಿಕೊಂಡಿದ್ದರೆ, ಹೆಸರು ಏನೇ ಇರಲಿ ಗೋಡೆ ಪಕ್ಕ ಬೇಡ. ಅನುಮಾನ ಇದ್ದರೆ ಟೊಂಗೆ ತೆಗೆದುಕೊಂಡು ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನಲ್ಲಿ ತೋರಿಸಿ. ಬೇಲಿ ಬೇಕೇ ಬೇಕು ಅಂದರೆ ಮದರಂಗಿ ಹಚ್ಚಿ. ಟೊಂಗೆ ಊರಿದರೂ ಬರುತ್ತದೆ, ನಮ್ಮ ಬಿಸಿಲಿಗೆ ಜಗ್ಗುವುದಿಲ್ಲ, ಎಷ್ಟು ಕತ್ತರಿಸಿದರೂ ದಟ್ಟ ಆಗುತ್ತದೆ. ಹಿತ್ತಲ ಕಡೆ ಮುಳ್ಳು ಬೇಕಿದ್ದರೆ ಕವಳಿ, ಹಣ್ಣೂ ಸಿಗುತ್ತದೆ. ಕಣಗಿಲೆ ಮಾತ್ರ ಮಕ್ಕಳು, ದನ ಇರುವ ಕಡೆ ಬೇಡ, ಪೂರ್ತಿ ವಿಷ.

ಈಗಾಗಲೇ ಹಚ್ಚಿದ್ದರೆ, ಗಿಡ ಸಣ್ಣದಿರುವಾಗಲೇ ಬೇರುಸಮೇತ ತೆಗೆಯಿರಿ. ಸುಮ್ನೆ ಬುಡಕ್ಕೆ ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ. ನಾವು ಮೂರು ಅಡಿ ಅಗೆಸಿದ್ದೇವೆ, ಆದರೂ ಗೋಡೆಯಡಿ ಸಿಕ್ಕಿಕೊಂಡ ಬೇರು ಉಳಿದಿದೆ. ಪ್ರತಿ ಭಾನುವಾರ ನಾನೂ ಅವ್ವನೂ ಸಾಲು ಸುತ್ತಿ ನೋಡುತ್ತೇವೆ. ಈ ವಾರ ಎರಡು ಚಿಗುರು ಸಿಕ್ಕವು, ಒಂದು ಸಂಪಿನ ಮುಚ್ಚಳದ ಪಕ್ಕದಲ್ಲೇ ಇತ್ತು.