‘ಮಗುವಿನ ಕರುಳಿಗೂ ಒಳ್ಳೆಯದು’ ಎನ್ನುವ ಪುಡಿ: ಡಬ್ಬಿಯ ಹಿಂಬದಿ ಏನು ಹೇಳುತ್ತದೆ?

ಗರ್ಭಿಣಿಯರಿಗೆಂದು ಮಾರುವ ಪ್ರೋಬಯಾಟಿಕ್ ಸ್ಯಾಶೆಗಳಲ್ಲಿ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ: ಜೀವಂತ ಬ್ಯಾಕ್ಟೀರಿಯಾ, ಅದಕ್ಕೆ ಆಹಾರವಾಗಿ ಇನ್ಯುಲಿನ್ ಎಂಬ ನಾರು. ದೊಡ್ಡ ಅಕ್ಷರದ ಹೊಗಳಿಕೆಯೆಲ್ಲ ಮೊದಲನೆಯದಕ್ಕೆ. ನಮ್ಮ ಅಂಕ ಹೆಚ್ಚು ಬೀಳುವುದು ಎರಡನೆಯದಕ್ಕೆ.

ಲೇಬಲ್ ಮೇಲೆ ‘ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್’ ಎಂದು ಬ್ಯಾಕ್ಟೀರಿಯಾದ ಹೆಸರಷ್ಟೇ ಇದ್ದರೆ ಸಾಲದು, ‘ಜಿಜಿ’ಯಂಥ ತಳಿಯ ಗುರುತೂ ಬೇಕು. ಒಂದು ತಳಿಯ ಫಲಿತಾಂಶವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯಲಾಗದು. ‘ತಯಾರಿಕೆಯ ವೇಳೆ 1,000 ಕೋಟಿ’ ಎಂಬ ಎಣಿಕೆಯನ್ನೂ ನಂಬಿ ಕೂರಬೇಡಿ. ಅವಧಿ ಮುಗಿಯುವ ದಿನಕ್ಕೆ ಎಷ್ಟು ಬದುಕಿರುತ್ತವೆ ಎಂದು ಬರೆದಿರುವುದನ್ನೇ ಕೊಳ್ಳಿ.

ಜಿಜಿ ತಳಿಗೆ ಹೆಸರು ತಂದದ್ದು 2001ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗ. ಅಲರ್ಜಿಯಿದ್ದ ಕುಟುಂಬಗಳಲ್ಲಿ ಹೆರಿಗೆಗೆ 2–4 ವಾರ ಮೊದಲಿನಿಂದ, ಹೆರಿಗೆಯ ನಂತರ 6 ತಿಂಗಳವರೆಗೆ ಕೊಟ್ಟರು. 2 ವರ್ಷದ ಮಕ್ಕಳಲ್ಲಿ ಇಸುಬು ಸುಮಾರು ಅರ್ಧಕ್ಕೆ ಇಳಿಯಿತು. ಅಳೆದದ್ದು ಚರ್ಮದ ಕಾಯಿಲೆಯನ್ನು. ಡಬ್ಬಿಯ ಮೇಲೆ ಅಚ್ಚಾಗುವುದು ಮಾತ್ರ ಕರುಳು! ಮುಂದಿನ ಕೆಲವು ಪ್ರಯೋಗಗಳಲ್ಲಿ ಈ ಫಲ ಮರುಕಳಿಸಲಿಲ್ಲ.

ನಾರಿನ ದಾರಿ ಬೇರೆ. ತಾಯಿಯ ದೊಡ್ಡ ಕರುಳಿನಲ್ಲಿ ಅದು ಹುದುಗಿ ಅಸಿಟೇಟ್ ಮುಂತಾದ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಅಸಿಟೇಟ್ ರಕ್ತಕ್ಕಿಳಿದು ಮಾಸನ್ನೂ ದಾಟಬಲ್ಲದು. ಇಲಿಗಳಲ್ಲಿ ಇದು ಮರಿಗಳ ರೋಗನಿರೋಧಕ ವ್ಯವಸ್ಥೆಯನ್ನು ತಿದ್ದಿದ್ದು ಕಂಡಿದೆ. ತಾಯಿಯ ಆಹಾರ ಮರಿಯ ಕರುಳನ್ನು ಮುಟ್ಟುತ್ತದೆ ಎಂಬುದಕ್ಕೆ ಇನ್ನೊಂದು ಸುಳಿವು: ಕೊಬ್ಬು ತುಂಬಿದ ಆಹಾರ ತಿಂದ ತಾಯಿ ಮಕಾಕ್ ಮಂಗಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಿಗಳ ಕರುಳಿನ ಬ್ಯಾಕ್ಟೀರಿಯಾ ಬದಲಾಗಿದ್ದವು. ಹಾಲು ಬಿಡಿಸಿ ಮಾಮೂಲಿ ಆಹಾರ ಕೊಟ್ಟರೂ ಅರ್ಧಂಬರ್ಧವೇ ಸರಿಹೋದದ್ದು. ಮನುಷ್ಯರಲ್ಲಿ ಇಷ್ಟು ಗಟ್ಟಿ ಪುರಾವೆ ಇಲ್ಲ.

ಆದರೆ ಸ್ಯಾಶೆಯಲ್ಲಿ ನಾರು 2 ಗ್ರಾಂ ಎಂದಿದ್ದರೆ ಲೆಕ್ಕ ಹಾಕಿ: ಗರ್ಭಿಣಿಗೆ ದಿನಕ್ಕೆ ಬೇಕಾದದ್ದು ಸುಮಾರು 28 ಗ್ರಾಂ. ಉಳಿದ 26 ಗ್ರಾಂ ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯಗಳಿಂದಲೇ ಬರಬೇಕು.

ಮೊದಲ ವಾರ ಅರ್ಧ ಸ್ಯಾಶೆ ಸಾಕು. ಬಸಿರಿನಲ್ಲಿ ಕರುಳಿನ ಚಲನೆ ನಿಧಾನ. ಒಮ್ಮೆಲೇ ಇನ್ಯುಲಿನ್ ಹಾಕಿದರೆ ಗ್ಯಾಸು, ಹೊಟ್ಟೆಯುಬ್ಬರ. ಬಿಸಿ ಹಾಲಿಗೆ ಸುರಿದರೆ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ, ತಣ್ಣಗಿನ ನೀರಿಗೆ ಬೆರೆಸಿ. ಆ್ಯಂಟಿಬಯಾಟಿಕ್ ಇದ್ದರೆ 2 ಗಂಟೆಯಾದರೂ ಅಂತರವಿರಲಿ.

ಡಬ್ಬಿಯಲ್ಲಿ ಕಾಣದ ಒಂದು ಸಂಗತಿ: ಗರ್ಭಾವಸ್ಥೆಯ ಮಧುಮೇಹ ತಡೆಯಲು ಪ್ರೋಬಯಾಟಿಕ್ ಕೊಟ್ಟ ಪ್ರಯೋಗಗಳನ್ನು ಒಟ್ಟು ಸೇರಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2021ರ ವಿಮರ್ಶೆಯಲ್ಲಿ ಪ್ರಿ-ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಅಪಾಯಕಾರಿಯಾಗಿ ಏರುವ ತೊಂದರೆ) ಅಪಾಯ ಹೆಚ್ಚಿದ್ದು ಕಂಡಿತು. ಬಿಪಿ ಏರಿದವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಸ್ಯಾಶೆ ಹರಿಯಲೇಬಾರದು.

ಪುಡಿ ಗಂಟುಗಟ್ಟಿದ್ದರೆ ಒಳಗೆ ತೇವ ಹೊಕ್ಕಿದೆ ಎಂದರ್ಥ. ಅದನ್ನು ಬಿಸಾಡಿ.